ಫೋಟೋದೊಳಗಿನ ಮಿಲಿಟರಿ ಮುತ್ತಜ್ಜ

ಐವತ್ತು ದಾಟಿದ ಮೇಲೆ ಮನುಷ್ಯನಿಗೆ ಮುಂದೆ ನೋಡಲು ಹೆಚ್ಚೇನೂ ಉಳಿದಿರುವುದಿಲ್ಲ. ಹೀಗಾಗಿ ಅವನು ಹಿಂದಕ್ಕೆ ತಿರುಗಿ, ತನ್ನ ವಂಶದಲ್ಲಿ ಯಾರಾದರೂ ದೊಡ್ಡವರು ಆಗಿಹೋಗಿದ್ದಾರೆಯೇ ಎಂದು ಹುಡುಕತೊಡಗುತ್ತಾನೆ. ತಾನು ಏನೂ ಆಗಲಿಲ್ಲ ಎಂಬುದು ಖಾತ್ರಿಯಾದ ಮೇಲೆ ಹಿಡಿಯುವ ಹುಚ್ಚು ಇದು. ನನಗೂ ಹಿಡಿಯಿತು. ಹಾವೇರಿಯ ಕಚೇರಿಯೊಂದರಲ್ಲಿ ಕಡತಗಳನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ದಾಟಿಸುವುದು ನನ್ನ ಕೆಲಸ. ಹೆಂಡತಿ ಗಿರಿಜೆ ರಾಣೆಬೆನ್ನೂರಿನ ದೊಡ್ಡ ಮನೆತನದ ಮಗಳು. ಅವಳ ಕಡೆ ಒಬ್ಬ ಚಿಕ್ಕಪ್ಪ ವಕೀಲರು, ಒಬ್ಬ ಮಾವ ಡಾಕ್ಟರು, ಇನ್ನೊಬ್ಬರು ತಹಶೀಲ್ದಾರರಾಗಿ ನಿವೃತ್ತರಾದವರು. ಮದುವೆಯಾದಾಗಿನಿಂದ ಇವರೆಲ್ಲರ ಹೆಸರನ್ನು ನಾನು ಊಟದ ಜೊತೆಗೆ ಉಪ್ಪಿನಕಾಯಿಯಂತೆ ನಂಜಿಕೊಂಡು ಬಂದಿದ್ದೇನೆ. ನನ್ನ ಕಡೆಯಿಂದ ಎದುರಿಗೆ ಇಡಲು ಇದ್ದದ್ದು ಒಂದೇ ಮಾತು: "ನಮ್ಮ ಮುತ್ತಜ್ಜ ಮಿಲ್ಟ್ರಿಗೆ ಹೋಗಿದ್ದ."

ಈ ಮಾತು ನಮ್ಮ ಅಗಡಿಯ ಮನೆಯಲ್ಲಿ ತಲೆತಲಾಂತರದಿಂದ ಬಂದದ್ದು. ಮುತ್ತಜ್ಜನ ಹೆಸರು ರುದ್ರಪ್ಪ. ಎಲ್ಲಿಗೆ ಹೋಗಿದ್ದ, ಯಾವ ಯುದ್ಧ ಮಾಡಿದ ಎಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಹೋಗಿದ್ದ, ಅಷ್ಟೇ. ಗಿರಿಜೆ ಒಂದೆರಡು ಸಲ "ಹೋಗಿದ್ದಕ್ಕ ಏನರ ಕುರುಹು ಐತೇನ್ರಿ?" ಎಂದು ಕೇಳಿ ನನ್ನ ಬಾಯಿ ಮುಚ್ಚಿಸಿದ್ದಳು. ಹೀಗಿರುವಾಗ ಈ ವರ್ಷ ಅಗಡಿಯಲ್ಲಿ ನನ್ನ ತಮ್ಮ ಮನೆಗೆ ಸುಣ್ಣ ಹೊಡೆಸಲು ಅಟ್ಟದ ಸಾಮಾನು ಇಳಿಸಿದ. ಹಳೆಯ ಟ್ರಂಕಿನ ತಳದಲ್ಲಿ, ಯಾರದೋ ಮದುವೆಯ ಪೇಟದ ಕೆಳಗೆ, ಒಂದು ಫೋಟೋ ಸಿಕ್ಕಿತು.

ಫೋಟೋದಲ್ಲಿ ಇಬ್ಬರು. ಕುರ್ಚಿಯ ಮೇಲೆ ಕೂತವನು ಮಿಲಿಟರಿ ಸಮವಸ್ತ್ರದಲ್ಲಿದ್ದಾನೆ. ತಲೆಗೆ ಬಿಗಿಯಾದ ಪೇಟ, ಮೊಣಕಾಲವರೆಗೆ ಸುತ್ತಿದ ಪಟ್ಟಿ, ಎದೆಯ ಮೇಲೆ ಪದಕದ ರಿಬ್ಬನ್ನು, ಲಿಂಬೆಹಣ್ಣು ನಿಲ್ಲಿಸಬಹುದಾದಂಥ ಮೀಸೆ. ಪಕ್ಕದಲ್ಲಿ ಅವನ ಹೆಗಲ ಮೇಲೆ ಕೈಯಿಟ್ಟು ಇನ್ನೊಬ್ಬ ನಿಂತಿದ್ದಾನೆ. ದೋತರ, ಯಾರದೋ ಅಳತೆಯ ಕೋಟು, ಮುಖದ ಮೇಲೆ ತಪ್ಪಿ ಬೇರೆ ಮನೆಯ ಊಟಕ್ಕೆ ಬಂದವನ ಭಾವ. ಕ್ಯಾಮೆರಾ ಬಿಟ್ಟು ಬಾಗಿಲ ಕಡೆ ನೋಡುತ್ತಿದ್ದಾನೆ. ಅವನನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ. ಕೂತ ಮುತ್ತಜ್ಜನನ್ನು ಎದೆಗವಚಿಕೊಂಡು ಹಾವೇರಿಯ ಬಸ್ಸು ಹತ್ತಿದೆ. ಗಿರಿಜೆ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಭಾರೀ ಅದಾರಲ್ರಿ!" ಎಂದಳು. ಮದುವೆಯಾದಾಗಿನಿಂದ ನಮ್ಮ ಮನೆತನಕ್ಕೆ ಸಿಕ್ಕ ಮೊದಲ ಶರಾ ಅದು. ಅಂದು ನಾನು ಒಂದು ರೊಟ್ಟಿ ಹೆಚ್ಚು ತಿಂದೆ.

ಆದರೆ ನನಗೆ ಅಷ್ಟು ಸಾಲದು. ಯಾವ ಪಲ್ಟನ್ನು, ಯಾವ ಯುದ್ಧ ಎಂಬುದು ತಿಳಿಯಬೇಕಿತ್ತು. ರಾಣೆಬೆನ್ನೂರಿನ ಹತ್ತಿರ ಹಲಗೇರಿಯಲ್ಲಿ ಸೈನ್ಯದಿಂದ ನಿವೃತ್ತರಾದ ಸುಬೇದಾರರೊಬ್ಬರು ಇದ್ದಾರೆ, ಹಳೆಯ ಸಮವಸ್ತ್ರಗಳ ವಿಷಯ ಅವರಿಗೆ ತಿಳಿಯುತ್ತದೆ ಎಂದು ಯಾರೋ ಹೇಳಿದರು. ಒಂದು ಭಾನುವಾರ ಅಲ್ಲಿಗೆ ಹೋದೆ. ಸುಬೇದಾರರು ಫೋಟೋವನ್ನು ಬಿಸಿಲಿಗೆ ಹಿಡಿದು, ಭೂತಗನ್ನಡಿ ಹಚ್ಚಿ, ಪೇಟದಿಂದ ಬೂಟಿನವರೆಗೆ ಇಳಿದರು.

"ಇದು ನಾಟಕದ ಡ್ರೆಸ್ ಅಲ್ರಿ ಸರ, ಖರೇ ಯೂನಿಫಾರ್ಮ್. ಕಾಲಿನ ಪಟ್ಟಿ ಸುತ್ತಿದ್ದು ನೋಡ್ರಿ, ಒಂದು ಸುತ್ತೂ ಹೆಚ್ಚುಕಮ್ಮಿ ಇಲ್ಲ. ಇದು ಬೈಸ್ಕೊಂಡು ಕಲಿತ ಕೆಲಸ. ಮೊದಲನೇ ಮಹಾಯುದ್ಧದ ಕಾಲದ ಕಾಲ್ದಳದವ. ಎದಿ ಮ್ಯಾಲೆ ರಿಬ್ಬನ್ ಐತಿ ಅಂದ್ರ ಸಮುದ್ರ ದಾಟಿ ಹೋಗಿ ಬಂದಾನ. ನಮ್ಮ ಕಡಿ ಮಂದಿ ಇರಾಕಿನ ಬಸ್ರಾಕ್ಕ ಭಾಳ ಹೋಗಿದ್ರು. ಅಲ್ಲಿಗೇ ಹೋಗಿರಬೇಕು."

ಬಸ್ರಾ! ನನ್ನ ಮೈಯೆಲ್ಲ ಜುಮ್ಮೆಂದಿತು. ಅಷ್ಟರಲ್ಲಿ ಸುಬೇದಾರರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏಳ್ರಿ, ಸೀದಾ ನಿಂದರ್ರಿ" ಎಂದರು. ನಿಂತೆ. ಫೋಟೋವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಹೊಟ್ಟಿ ಒಳಗ ತಗೋರಿ" ಎಂದರು. ತೆಗೆದುಕೊಂಡೆ. ಅದು ಹೋಗಲಿಲ್ಲ.

"ಏನ್ ಹೇಳ್ಲಿ ಸರ, ನಿಮ್ಮ ಮುತ್ತಜ್ಜನ ಹೋಲಿಕಿ ನಿಮಗ ಒಂಚೂರೂ ಇಲ್ಲ. ಬಾಜೂಕ ನಿಂತವನಂಗ ಕಾಣ್ತೀರಿ. ಅವ ಯಾರು?"

"ಯಾರೋ ಆಳುಮನುಷ್ಯಾ ಇರಬೇಕ್ರಿ" ಎಂದೆ. ಸೈನಿಕರ ತಮಾಷೆ ಹೀಗೇ ಇರುತ್ತದೆ ಎಂದು ನಕ್ಕು ಎದ್ದು ಬಂದೆ.

ಅಲ್ಲಿಂದ ಮುಂದೆ ನನ್ನನ್ನು ಹಿಡಿಯುವವರು ಯಾರೂ ಇರಲಿಲ್ಲ. ಕಚೇರಿಯಲ್ಲಿ ಬಸ್ರಾ, ಕಟಿಂಗ್ ಶಾಪಿನಲ್ಲಿ ಬಸ್ರಾ, ತರಕಾರಿ ಕೊಳ್ಳುವಾಗಲೂ ಬಸ್ರಾ. ನಮ್ಮ ಓಣಿಯ ಗೆಳೆಯರ ಬಳಗದ ಮುಖ್ಯಸ್ಥ, ಬೇಕರಿಯ ಶಿವಾನಂದ, ಈ ಸಲ ಸ್ವಾತಂತ್ರ್ಯೋತ್ಸವದ ದಿನ ಸೈನಿಕರ ಮನೆತನದವರಿಗೆ ಸನ್ಮಾನ ಮಾಡುವುದಾಗಿಯೂ, ಮೊದಲ ಸನ್ಮಾನ ನನಗೇ ಎಂದೂ ಹೇಳಿದ. ಬೇಡ ಎನ್ನುವ ಶಿಷ್ಟಾಚಾರ ಮುಗಿಯುವ ಮೊದಲೇ ನಾನು ಒಪ್ಪಿಕೊಂಡಿದ್ದೆ. ವೇದಿಕೆಯ ಮೇಲಿಡಲು ಮುತ್ತಜ್ಜನ ದೊಡ್ಡ ಫೋಟೋ ಬೇಕಲ್ಲ? ಸ್ಟುಡಿಯೋಕ್ಕೆ ಹೋಗಿ, "ಕುಂತವರನ್ನ ಅಷ್ಟ ದೊಡ್ಡದು ಮಾಡಿ, ನಿಂತವನ್ನ ತಗದುಬಿಡ್ರಿ" ಎಂದೆ.

ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ನಿಂತವನನ್ನು ಕತ್ತರಿಸಿದ. ಆದರೆ ಹೆಗಲ ಮೇಲಿನ ಕೈ ಉಳಿಯಿತು. "ಕೈ ಅಳಿಸಿದ್ರ ಅದರ ಕೆಳಗ ಏನಿತ್ತು ಅನ್ನೋದು ಇದಕ್ಕ ಗೊತ್ತಿಲ್ಲ ಸರ, ತನಗ ತಿಳಿದಿದ್ದು ಹಾಕತೈತಿ" ಎನ್ನುತ್ತಲೇ ಒಮ್ಮೆ ಅಳಿಸಿ ತೋರಿಸಿದ. ಕಂಪ್ಯೂಟರು ಆ ಜಾಗದಲ್ಲಿ ಒಂದು ಗಿಣಿಯನ್ನು ಕೂರಿಸಿತ್ತು. ಬಸ್ರಾಕ್ಕೆ ಹೋದ ಯೋಧನ ಹೆಗಲ ಮೇಲೆ ಗಿಣಿ ಬೇಡವೆಂದು ಕೈಯನ್ನೇ ಇರಿಸಿಕೊಂಡೆ. ಕಟ್ಟು ಹಾಕಿಸಿದಾಗ ಚಿತ್ರ ಭರ್ಜರಿಯಾಗಿ ಬಂತು: ವೀರಯೋಧ ಮತ್ತು ಎಲ್ಲಿಂದಲೋ ಬಂದ ಒಂದು ಕೈ.

ಅದೇ ವಾರ ಬ್ಯಾಡಗಿಯಲ್ಲಿ ಗಿರಿಜೆಯ ಸೋದರತ್ತೆ ನೀಲವ್ವನ ಮೊಮ್ಮಗಳ ಕೂಸನ್ನು ತೊಟ್ಟಿಲಿಗೆ ಹಾಕುವ ಸಮಾರಂಭ. ನೀಲವ್ವನಿಗೆ ಎಂಬತ್ತು ದಾಟಿದೆ, ಆ ಮನೆಯಲ್ಲಿ ಅವರದೇ ಕೊನೆಯ ಮಾತು. ಗಿರಿಜೆಯ ಬಂಧುಬಳಗವೆಲ್ಲ, ವಕೀಲರು, ಡಾಕ್ಟರು, ತಹಶೀಲ್ದಾರರ ಸಮೇತ ಅಲ್ಲಿ ಸೇರುತ್ತದೆ ಎಂಬುದು ಗೊತ್ತಿದ್ದುದರಿಂದ ನಾನು ಕಟ್ಟು ಹಾಕಿಸಿದ ಫೋಟೋವನ್ನು ಹಳೆಯ ಪೇಪರಿನಲ್ಲಿ ಸುತ್ತಿಕೊಂಡೇ ಹೋದೆ. ಕೂಸಿಗೆ ಹೆಸರಿಟ್ಟು, ಹೋಳಿಗೆ ಊಟವಾಗಿ, ಎಲ್ಲರೂ ಪಡಸಾಲೆಯಲ್ಲಿ ಎಲೆ-ಅಡಿಕೆ ಹಿಡಿದು ಕೂತ ಹೊತ್ತು ನೋಡಿ ಪೇಪರು ಬಿಚ್ಚಿದೆ. ನೀಲವ್ವ ಕನ್ನಡಕ ಏರಿಸಿದರು.

"ಅಯ್ಯ! ನಮ್ಮ ಅಜ್ಜನ ಫೋಟೋ ನಿಮಗೆಲ್ಲಿ ಸಿಕ್ತು ಅಳಿಯಾರ?"

ವಯಸ್ಸಾಯಿತು ಪಾಪ ಎಂದುಕೊಂಡು ನಾನು ಹತ್ತಿರ ಸರಿದು ಜೋರಾಗಿ, "ಅತ್ತಿ, ಇವರು ನಮ್ಮ ಮುತ್ತಜ್ಜ ರುದ್ರಪ್ಪ. ಅಗಡಿಯವರು" ಎಂದೆ.

"ಕಿವಿ ಚೊಲೋ ಅದಾವು, ಒದರಬ್ಯಾಡ್ರಿ. ಇವ ನಮ್ಮ ಅಜ್ಜ ಚನ್ನವೀರಪ್ಪ. ಹೆಗಲ ಮ್ಯಾಲೆ ಕೈ ಐತಲ್ಲ, ಅದು ನಿಮ್ಮ ರುದ್ರಪ್ಪಂದು. ಮನುಷ್ಯಾ ಎಲ್ಲಿ? ಕೈ ಅಷ್ಟ ಉಳಿಸೀರಲ್ಲ!"

ನೀಲವ್ವ ದೇವರ ಕೋಣೆಯಿಂದ ಕಟ್ಟು ಹಾಕಿದ ಹಳೆಯ ಫೋಟೋ ಒಂದನ್ನು ತರಿಸಿದರು. ಗಿರಿಜೆ ಚಿಕ್ಕಂದಿನಿಂದ ಅದಕ್ಕೆ ಕೈಮುಗಿದವಳೇ. ಆದರೆ ಊದಿನಕಡ್ಡಿಯ ಹೊಗೆ, ಕುಂಕುಮ, ವಿಭೂತಿ ಕೂತೂ ಕೂತೂ ಒಳಗೆ ಯಾರಿದ್ದಾರೆಂದು ಯಾರಿಗೂ ಕಾಣುತ್ತಿರಲಿಲ್ಲ. ಈಗ ಅವಳು ಸೆರಗು ಒದ್ದೆ ಮಾಡಿ ಗಾಜು ಒರೆಸಿದಳು. ಮೊದಲು ಮೀಸೆ ಬಂತು, ಆಮೇಲೆ ರಿಬ್ಬನ್ನು, ಕೊನೆಗೆ ಬಾಗಿಲ ಕಡೆ ನೋಡುತ್ತ ನಿಂತ ನನ್ನ ಮುತ್ತಜ್ಜ. ಸ್ಟುಡಿಯೋಕ್ಕೆ ಹೋಗಿ, ಹೇಳಿ ಮಾಡಿಸಿ, ನನ್ನ ವಂಶದ ಮೂಲಪುರುಷನನ್ನೇ ಕತ್ತರಿಸಿ ಒಗೆದು ಬಂದಿದ್ದೆ. ಅವನ ಮುಖ ಥೇಟ್ ನನ್ನದೇ. ಹೊಟ್ಟೆ ಕೂಡ.

"ಹಂಗಾದ್ರ ನಮ್ಮ ಮುತ್ತಜ್ಜ ಮಿಲ್ಟ್ರಿಗೆ ಹೋಗಿರಲಿಲ್ಲೇನ್ರಿ?" ಎಂದೆ, ದನಿ ಸಣ್ಣಗಾಗಿತ್ತು.

"ಹೋಗಿದ್ದ, ಹೋಗಿದ್ದ. ಇಬ್ರೂ ಜೀವದ ಗೆಳ್ಯಾರು. ಕೂಡೇ ಸೇರ್ತೀವಂತ ಹೊಂಟ್ರು. ಮಂದಿ ಮಾಲಿ ಹಾಕಿ ಹಾವೇರ್ಯಾಗ ರೈಲು ಹತ್ತಿಸಿದ್ರು. ಕರ್ಜಗಿ ಠೇಶನ್ ಬಂತು. 'ನೀರು ಕುಡದು ಬರ್ತೀನಿ' ಅಂತ ರುದ್ರಪ್ಪ ಇಳದ. ರೈಲು ಹೋತು."

ಕರ್ಜಗಿ ಎಂದರೆ ಹಾವೇರಿ ಬಿಟ್ಟೊಡನೆ ಬರುವ ಠೇಶನ್ನು. ಹಾಕಿದ ಮಾಲೆ ಇನ್ನೂ ಬಾಡಿರಲಾರದು.

"ಆಮ್ಯಾಲೆ?"

"ಆಮ್ಯಾಲೆ ಏನ? ನಮ್ಮ ಅಜ್ಜ ಬಸ್ರಾಕ್ಕ ಹೋದ, ನಿಮ್ಮ ಮುತ್ತಜ್ಜ ಅಗಡಿಗೆ ಹೋದ."

"ರೈಲು ತಪ್ಪಿತೋ, ತಾನ ತಪ್ಪಿಸ್ಕೊಂಡನೋ?" ಎಂದು ವಕೀಲ ಚಿಕ್ಕಪ್ಪ ಪಾಟೀಸವಾಲು ಹಾಕಿದರು.

"ನಮ್ಮ ಅಜ್ಜ ಸಾಯೋತನಕ ಕೇಳಿದ. ಅವ ಸಾಯೋತನಕ ಹೇಳಲಿಲ್ಲ" ಎಂದರು ನೀಲವ್ವ. ಆಮೇಲೆ ಫೋಟೋದ ಗಾಜಿನ ಮೇಲೆ ಬೆರಳಾಡಿಸುತ್ತ, "ಹೊಳ್ಳಿ ಬಂದಾಗ ಅಜ್ಜ ತನ್ನ ಮನಿಗೂ ಬರಲಿಲ್ಲಂತ. ಸೀದಾ ಅಗಡಿಗೆ ಹೋಗಿ ರುದ್ರಪ್ಪನ್ನ ಎಳಕೊಂಡು ಹೋಗಿ ಈ ಫೋಟೋ ತಗಸಿ, ಅವಗೊಂದು ಕೊಟ್ಟು ತಾನೊಂದು ಇಟ್ಕೊಂಡ. 'ಕೂಡ ಹೋದವ್ರು ಯಾರೂ ಉಳೀಲಿಲ್ಲೋ. ನೀ ಇಳದಿದ್ದು ಚೊಲೋ ಆತು, ಮಾತಾಡಾಕ ಒಬ್ಬನರ ಉಳದಿ' ಅಂದಿದ್ನಂತ" ಎಂದರು.

ಆ ಮಾತಿಗೆ ಎಲ್ಲರ ಕಣ್ಣೂ ಒದ್ದೆಯಾಯಿತು. ಗಿರಿಜೆಯೂ ಸೆರಗು ಕಣ್ಣಿಗೆ ಒತ್ತಿಕೊಂಡಳು. ಒತ್ತಿಕೊಂಡವಳ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾಳೆಂದು ಸಮಾಧಾನ ಮಾಡಲು ಹೋದರೆ ಅವಳು ಉಸಿರು ಸಿಗದೆ, "ಕರ್ಜಗಿ!" ಎಂದಷ್ಟೇ ಹೇಳಿ ತೊಟ್ಟಿಲ ಪಕ್ಕದಲ್ಲಿ ಕುಸಿದು ಕೂತಳು. ಆಮೇಲೆ ಇಡೀ ಪಡಸಾಲೆ ನಕ್ಕ ನಗೆಗೆ ಕೂಸು ಎಚ್ಚೆತ್ತು ಅಳಲು ಹತ್ತಿತು.

ಹಿಂದಿರುಗುವಾಗ ಬಸ್ಸಿನಲ್ಲಿ ಪ್ರತಿ ಹಂಪ್ಸಿಗೂ ಅವಳ ನಗೆ ಹೊಸದಾಗಿ ಉಕ್ಕುತ್ತಿತ್ತು. ಹಾವೇರಿ ಹತ್ತಿರವಾದಾಗ ಮಾತ್ರ ಗಂಭೀರವಾಗಿ, "ಸನ್ಮಾನಕ್ಕ ನೀವ ಹೋಗ್ರಿ. ಮನಿಯೊಳಗಿನ ಮಾತು, ನಾ ಯಾರ ಮುಂದೂ ಆಡೂದಿಲ್ಲ" ಎಂದಳು. ಹೆಂಡತಿ ಬೈದರೆ ತಡೆಯಬಹುದು, ಉದಾರಳಾದರೆ ತಡೆಯಲಾಗದು. ಜೀವಮಾನವಿಡೀ ಆ ಶಾಲಿನ ಕೆಳಗೆ ಬೆವರುವುದು ಬೇಡವೆಂದು ಮರುದಿನವೇ ಬೇಕರಿಗೆ ಹೋಗಿ ಶಿವಾನಂದನಿಗೆ ಎಲ್ಲ ಹೇಳಿದೆ.

ಅವನು ಕೈಯಲ್ಲಿದ್ದ ಟೋಸ್ಟು ಕೆಳಗಿಟ್ಟ. "ಸರ, ಬ್ಯಾನರ್ ಬಂದುಬಿಟ್ಟೈತಲ್ಲ!"

ಬ್ಯಾನರಿನಲ್ಲಿ ನನ್ನ ಮುಖ ತೇರಿನ ಗಾಲಿಯಷ್ಟು ದೊಡ್ಡದಾಗಿತ್ತು. ಹೊಸದು ಮಾಡಿಸಲು ಹೊತ್ತಿರಲಿಲ್ಲ. ಸನ್ಮಾನ ಇನ್ನು ಗಿರಿಜೆಗೇ ಎಂದಾಗಿ, ಅವಳ ಫೋಟೋ ದೊಡ್ಡದು ಮಾಡಿ ನನ್ನ ಮುಖದ ಮೇಲೆ ಅಂಟಿಸಿದರು. ಅಳತೆ ಸ್ವಲ್ಪ ಕಡಿಮೆಯಾಗಿ, ಎರಡೂ ಕಡೆ ನನ್ನ ಕಿವಿಗಳು ಹೊರಗುಳಿದವು. ಹೀಗೆ ನನ್ನ ಹೆಂಡತಿ ನನ್ನ ಕಿವಿಗಳೊಂದಿಗೆ ಇಡೀ ಓಣಿಗೆ ನಗುತ್ತ ಸ್ವಾಗತ ಕೋರಿದಳು.

ಓಣಿಯ ಶಾಲೆಯಲ್ಲಿ ನಡೆದ ಕಾರ್ಯಕ್ರಮಕ್ಕೆ ಹಲಗೇರಿಯ ಸುಬೇದಾರರೇ ಮುಖ್ಯ ಅತಿಥಿ. ಧ್ವಜ ಏರಿದ ಮೇಲೆ ನನ್ನನ್ನು ಮೈಕಿನ ಮುಂದೆ ತಳ್ಳಿದರು. ಫೋಟೋ ಸಿಕ್ಕಿದ್ದರಿಂದ ಹಿಡಿದು ಕರ್ಜಗಿಯ ನೀರಿನವರೆಗೆ ಒಂದೂ ಬಿಡದೆ ಹೇಳಿದೆ. ಸುಬೇದಾರರು ನಕ್ಕ ಭರಕ್ಕೆ ಅವರ ಎದೆಯ ಪದಕಗಳು ಗೆಜ್ಜೆಯಂತೆ ಸದ್ದು ಮಾಡಿದವು. "ನಾ ಅವತ್ತ ಹೇಳಿದ್ದೆ!" ಎಂದು ಕೂತಲ್ಲಿಂದಲೇ ಕೂಗಿದರು. ಗಿರಿಜೆ ಶಾಲು ಹೊದ್ದು ಒಂದೇ ಮಾತು ಹೇಳಿದಳು: "ನಮ್ಮ ಮುತ್ತಜ್ಜ ಹೋಗಿ ಬಂದ್ರು. ಅವರು ಬರೋತನಕ ಇವರ ಮುತ್ತಜ್ಜ ಊರಾಗ ಕಾದ್ರು. ಇಬ್ಬರಿಗೂ ಚಪ್ಪಾಳೆ ಹೊಡೀರಿ." ಹೊಡೆದರು. ಅವಳ ಕೈ ಹಿಡಿದು ಅಲ್ಲೇ ಕುಣಿಯಬೇಕೆನಿಸಿತು.

ಆಮೇಲೆ ಮೆರವಣಿಗೆ. ಮುಂದೆ ಧ್ವಜ ಹಿಡಿದ ಗಿರಿಜೆ, ಪಕ್ಕದಲ್ಲಿ ಬ್ಯಾಡಗಿಯಿಂದ ತರಿಸಿದ ಇಬ್ಬರ ಫೋಟೋ ಎತ್ತಿಕೊಂಡ ಶಿವಾನಂದ, ಹಿಂದೆ ನಾನು. ಶಾಲೆಯಿಂದ ಬಸ್‌ಸ್ಟ್ಯಾಂಡಿನವರೆಗೆ ನಡೆದು ಬರುವುದೆಂದು ಸುಬೇದಾರರ ಆಜ್ಞೆಯಾಗಿತ್ತು. ಮೋಡ ಸರಿದು ಬಿಸಿಲು ಬಿತ್ತು. ಓಣಿ ದಾಟಿ ಮೊದಲ ತಿರುವಿಗೆ ಬರುವಷ್ಟರಲ್ಲಿ ಗಂಟಲು ಒಣಗಿತು. ದೇವರಾಣೆಗೂ ಒಣಗಿತ್ತು. ಅಲ್ಲೇ ಒಂದು ಚಹಾದಂಗಡಿ. ಒಂದು ಗ್ಲಾಸು ನೀರು ಕುಡಿದು ಓಡಿ ಸೇರಿಕೊಂಡರಾಯಿತೆಂದು ಒಳಗೆ ಹೋದೆ. ಫ್ಯಾನಿನ ಕೆಳಗೆ ಒಂದು ಕುರ್ಚಿ ಖಾಲಿ ಇತ್ತು. ನೀರಿನ ಹಿಂದೆಯೇ ಬಿಸಿಬಿಸಿ ಮಿರ್ಚಿ ಬಂತು, ಅದರ ಹಿಂದೆ ಚಹಾ ಬಂತು. ಹೊರಗೆ ಜಯಕಾರ ದೂರ ದೂರವಾಗುತ್ತ ಹೋಯಿತು. ಅಂಗಡಿಯವನು ಮೆರವಣಿಗೆಗೆಂದು ನನ್ನ ಎದೆಗೆ ಚುಚ್ಚಿದ್ದ ಧ್ವಜದ ಬಿಲ್ಲೆ ನೋಡಿ, "ಯಜಮಾನ್ರ, ಮೆರವಣಿಗಿ ಹೊಂಟ್ತು, ಕೇಳ್ಸಲಿಲ್ಲೇನ್ರಿ?" ಎಂದ.

ಕೇಳಿಸುತ್ತಿತ್ತು. ಸ್ಪಷ್ಟವಾಗಿಯೇ ಕೇಳಿಸುತ್ತಿತ್ತು. ಇನ್ನೊಂದು ಪ್ಲೇಟ್ ಮಿರ್ಚಿ ಹೇಳಿದೆ.