ಲಗೂ ಸಾವ್ಕಾರರೂ ಸ್ಲೋ ಬಟನ್ನೂ

ಗಡಿಬಿಡಿಯ ಮಂದಿಗೆಲ್ಲ ನನ್ನ ಅಂಗಡಿಯ ವಿಳಾಸ ಯಾರು ಕೊಡುತ್ತಿದ್ದರೋ, ದೇವರಿಗೇ ಗೊತ್ತು. ಎರಡು ಸಾವಿರದ ಐದಾರರ ಸುಮಾರಿಗೆ ಹಾವೇರಿ ಬಸ್ ಸ್ಟ್ಯಾಂಡ್ ಎದುರು ನಾಲ್ಕು ಕಂಪ್ಯೂಟರ್ ಇಟ್ಟು ಗೇಮ್ ಸೆಂಟರ್ ನಡೆಸುತ್ತಿದ್ದೆ. ಎಲ್ಲರೂ ಮುಗಿಬೀಳುತ್ತಿದ್ದುದು ಒಂದೇ ಆಟಕ್ಕೆ. ಹೀರೋನ ಬೆನ್ನ ಹಿಂದಿನಿಂದ ನೋಡುತ್ತ ಅವನ ಕೈಯಿಂದ ಗುಂಡು ಹಾರಿಸಬೇಕು. ಒಂದು ಬಟನ್ ಒತ್ತಿದರೆ ಕಾಲವೇ ನಿಧಾನವಾಗಿ, ವೈರಿಯ ಗುಂಡು ತೇಲುತ್ತ ಬರುತ್ತದೆ. ಆರಾಮಾಗಿ ತಪ್ಪಿಸಿಕೊಂಡು ಅವನಿಗೇ ಬಾರಿಸಬಹುದು.

ಕುತ್ತು ಬಂದದ್ದೂ ಇದರಿಂದಲೇ. ಅಂಗಡಿ ಜಾಗದ ಮಾಲೀಕರು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ. ಅವರ ಸರಕಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಅವರ ಮಾತಿಗೆ ಮಾತ್ರ ಬರೀ ಖಾರ. "ಊರ ಹುಡುಗರನ್ನ ಕೆಡಸಾಕತ್ತೀದಿ. ಯುಗಾದಿಗೆ ಅಂಗಡಿ ಖಾಲಿ ಮಾಡು, ಲಗೂ!" ಎಂದುಬಿಟ್ಟಿದ್ದರು. ಲಗೂ, ಅಂದರೆ ಬೇಗ, ಎನ್ನದೆ ಅವರು ಚಹಾ ಕೂಡ ಕುಡಿದವರಲ್ಲ. ನನಗೋ ಆ ಅಂಗಡಿ ಬಿಟ್ಟರೆ ಬೇರೆ ಅನ್ನದ ದಾರಿ ಇರಲಿಲ್ಲ.

೧. ವೋಲ್ಟೇಜ್

ಪಕ್ಕದ ಹಿಟ್ಟಿನ ಗಿರಣಿಯವರು ಮೊದಲ ಸಲ ಆಡಲು ಕೂತರು. ಬಟನ್ ಒತ್ತಿದರು. ತೆರೆಯ ಮೇಲೆ ಎಲ್ಲ ನಿಧಾನವಾಯಿತು. "ಅಯ್ಯ, ವೋಲ್ಟೇಜ್ ಬಿದ್ದೈತಿ! ಮೋಟಾರ್ ಸುಟ್ಟು ಹೋಕ್ಕೈತಿ!" ಎಂದು ಓಡಿ ಹೋಗಿ ಗಿರಣಿ ಬಂದ್ ಮಾಡಿದರು. ಜೋಳದ ಡಬ್ಬಿ ಹಿಡಿದು ಪಾಳಿ ನಿಂತ ಹೆಂಗಸರು ಅವರನ್ನು ಚೆನ್ನಾಗಿ ಝಾಡಿಸಿದರು.

ನಾನು ವಿಷಯ ಬಿಡಿಸಿ ಹೇಳಿದ ಮೇಲೆ ನನಗೇ ದಬಾಯಿಸಿದರು: "ಹಂಗಿದ್ರ ಬೋರ್ಡ್ ಹಾಕ್ಬೇಕಪಾ, ಇಲ್ಲಿ ವೋಲ್ಟೇಜ್ ಬೀಳೂದಿಲ್ಲ, ಟೈಮ್ ಬೀಳತೈತಿ ಅಂತ!"

೨. ಗುತ್ತಲದ ಬಸ್

ಗುತ್ತಲದ ಬಟ್ಟೆ ಅಂಗಡಿಯವರೊಬ್ಬರು ಬಸ್ ಬರುವ ತನಕ ಎಂದು ಕೂತರು. ಬಸ್ ಬಂತು, ಹೋಯಿತು.

"ನಾ ಟೈಮ್ ನಿಲ್ಲಿಸಿದ್ದೆ ಅಲ್ರಿ!" ಎಂದರು.

"ಕಂಡಕ್ಟರ್‌ಗೆ ಹೇಳಿದ್ರೇನ್ರಿ?" ಎಂದೆ.

ಅಷ್ಟರಲ್ಲಿ ಮನೆಯಿಂದ ಹೆಂಡತಿಯ ಫೋನು. ಕೂತಲ್ಲಿಂದಲೇ ಹೇಳಿದರು: "ಬರಾಕತ್ತೇನಿ ಮಾರಾಯ್ತಿ, ಡ್ರೈವರ್ ಭಾಳ ಸ್ಲೋ ಹೊಡಿಯಾಕತ್ತಾನ!"

೩. ಬೀಗ

ಯುಗಾದಿ ಹತ್ತಿರ ಬಂತು. ಮಾಲೀಕರು ಹೊಸ ಬೀಗ ಹಿಡಿದೇ ಬಂದರು. ನಾನು ಕುರ್ಚಿ ಎಳೆದು ಹಾಕಿದೆ.

"ಹುಡುಗರು ಹೆಂಗ ಕೆಡ್ತಾರ ಅಂತ ಒಮ್ಮೆ ನೋಡ್ರಿ ಸಾವ್ಕಾರ್ರ, ಆಮ್ಯಾಲೆ ಬೀಗ ಹಾಕ್ರಿ."

"ಲಗೂ ತೋರ್ಸು."

ಬೀಗವನ್ನು ಮೌಸ್ ಪಕ್ಕಕ್ಕಿಟ್ಟು ಕೂತರು. "ಇಂವ ಯಾಕ ಬರೀ ಬೆನ್ನ ತೋರಸ್ತಾನ? ಹೊಸ ಅಳಿಯ ಏನು, ನಾಚಾಕ?" ಎಂದು ಹೀರೋನನ್ನು ಬೈದರು. "ಲಗೂ ನಡಿ, ಲಗೂ!" ಎಂದು ಅವನನ್ನು ಓಡಿಸಿದರು, ಸಾಯಿಸಿದರು. ಮತ್ತೆ ಓಡಿಸಿದರು, ಮತ್ತೆ ಸಾಯಿಸಿದರು. ಮುಖ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತು.

ನಾನು ಮೆಲ್ಲಗೆ ಆ ಬಟನ್ ತೋರಿಸಿದೆ. ಒತ್ತಿದರು. ಗುಂಡು ತೇಲಿ ಬಂತು. ಕುರ್ಚಿಯಲ್ಲಿ ತಾವೇ ತಲೆ ಬಗ್ಗಿಸಿ ತಪ್ಪಿಸಿಕೊಂಡು, ಗುರಿಯಿಟ್ಟು ಹೊಡೆದರು. ವೈರಿ ಬಿದ್ದ! ಆಮೇಲೆ ತರಿಸಿದ ಚಹಾ ಆರಿ ತಣ್ಣಗಾಯಿತು. "ಸಾವಕಾಶ... ಸಾವಕಾಶ..." ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಆ ಶಬ್ದ ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ನನಗೆ ಮಾತ್ರ ತಡೆಯಲಾಗಲಿಲ್ಲ. "ಸಾವ್ಕಾರ್ರ, ಅಂಗಡಿ ಯಾವಾಗ ಖಾಲಿ ಮಾಡ್ಲಿ? ಲಗೂ ಹೇಳ್ರಿ."

ತೆರೆಯಿಂದ ಕಣ್ಣು ಕೀಳದೆ ಗದರಿದರು: "ಅದಕ್ಕೂ ಇದೇ ಬಟನ್ ಒತ್ತು ಲೇ!"