ಸಿಬ್ಬಂದಿ ನಾಪತ್ತೆ!

"ನೀನು ವಾಪಸ್ ಬರೋಷ್ಟರಲ್ಲಿ ಈ ಪೆಟ್ಟಿಗೆ ತನ್ನಷ್ಟಕ್ಕೆ ತಾನೇ ಫಳಫಳ ಹೊಳೀತಿರುತ್ತೆ, ನೋಡ್ತಿರು!" ಎಂದು ಗುಮಾಸ್ತರು ಹೆಂಡತಿಯ ಮುಂದೆ ಎದೆ ತಟ್ಟಿಕೊಂಡರು.

ಪೆಟ್ಟಿಗೆ ಎಂದರೆ ಮುಂದಿನ ಕೋಣೆಯ ಗಾಜಿನ ಪೆಟ್ಟಿಗೆ. ಒಳಗೆ ಒಂದು ಗೇಣು ಮಣ್ಣು, ಪಾಚಿ, ನಾಲ್ಕು ಗಿಡ, ಒಂದು ಮರದ ತೊಗಟೆ, ನೀರಿನ ತಟ್ಟೆ. ನಡುವೆ ಮಹಾರಾಣಿಯ ಗತ್ತಿನಲ್ಲಿ ಹಸಿರು ಕಪ್ಪೆ ಗುಂಡಮ್ಮ. ಹೆಂಡತಿಯ ಜೊತೆ ತವರಿನಿಂದ ಬಂದವಳು, ಆ ಮನೆಯಲ್ಲಿ ಗಂಡನಿಗಿಂತ ಸೀನಿಯರ್! ಹತ್ತು ದಿನದ ತರಬೇತಿಗೆ ಹೊರಟ ಹೆಂಡತಿ ಮೊದಲ ಸಲ ಅವಳನ್ನು ಇನ್ನೊಬ್ಬರ ಕೈಗೆ ಒಪ್ಪಿಸಿದ್ದಳು. "ಇವಳಿಗೇನಾದ್ರೂ ಆದ್ರೆ..." ಎಂದವಳು ಮಾತು ಮುಗಿಸಲಿಲ್ಲ. ಅವಳು ಅತ್ತ ಹೋದದ್ದೇ ಗುಮಾಸ್ತರು ಇತ್ತ ಸಾಕುಪ್ರಾಣಿ ಅಂಗಡಿಗೆ ಓಡಿದರು.

ಅಂಗಡಿಯವನು ಇಪ್ಪತ್ತು ಐಸೊಪಾಡ್ ಕೊಟ್ಟ. ಕಲ್ಲಿನಡಿ ಬದುಕುವ, ಮುಟ್ಟಿದರೆ ಉಂಡೆಯಾಗುವ ಕಪ್ಪು ಹುಳುಗಳು. "ಕೊಳೆತ ಎಲೆ, ಕಪ್ಪೆ ಹಿಕ್ಕೆ, ಎಲ್ಲಾ ತಿಂದು ಕ್ಲೀನ್ ಮಾಡ್ತವೆ ಸಾರ್. ಇವೇ ನಿಮ್ಮ ಸಫಾಯಿ ಸಿಬ್ಬಂದಿ!"

ಸಿಬ್ಬಂದಿ! ಆ ಒಂದು ಪದವೇ ಅನರ್ಥಕ್ಕೆಲ್ಲ ಮೂಲ. ಹನ್ನೆರಡು ವರ್ಷ ಕಚೇರಿಯ ಹಾಜರಿ ಪುಸ್ತಕ ನೋಡಿಕೊಂಡವರಿಗೆ ಸಿಬ್ಬಂದಿ ಎಂದರೆ ಹಾಜರಿ. ಹೊಸ ನೋಟ್‌ಬುಕ್ಕಿಗೆ ಗೆರೆ ಎಳೆದರು. ದಿನಾ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಟಾರ್ಚು ಬಿಟ್ಟು ಎಣಿಸಿದರು. ಮೊದಲ ದಿನ ಇಪ್ಪತ್ತು. ಎರಡನೆಯ ದಿನ ಹನ್ನೊಂದು. ನಾಲ್ಕನೆಯ ದಿನ ಸೊನ್ನೆ!

ಗುಮಾಸ್ತರು ಮತ್ತೊಮ್ಮೆ ಎಣಿಸಿದರು, ಮತ್ತೂ ಸೊನ್ನೆ. ಸತ್ತವೇ? ಓಡಿಹೋದವೇ? ಗುಂಡಮ್ಮನ ಹೊಟ್ಟೆ ಸೇರಿದವೇ? ಸೇರಿದ್ದರೆ ಅವಳಿಗೆ ಒಗ್ಗೀತೇ? ನಿನ್ನೆಗಿಂತ ಇವತ್ತು ಕೊಂಚ ಉಬ್ಬಿದ ಹಾಗಿಲ್ಲವೇ? ಕಚೇರಿಗೆ ರಜೆ ಹಾಕಿ ಸೋಫಾ ಮಗುಚಿದರು, ಚಾಪೆ ಕೊಡವಿದರು.

"ಏನು ಹುಡುಕ್ತಿದ್ದೀರಿ ಅಳಿಯಂದ್ರೇ?" ಮಗಳಿಲ್ಲದಾಗ ಮನೆ ನೋಡಿಕೊಳ್ಳಲು ಬಂದಿದ್ದ ಅತ್ತೆ ಕೇಳಿದರು.

"ಸಿಬ್ಬಂದಿ ನಾಪತ್ತೆ ಅತ್ತೆ!"

"ಸೋಫಾ ಕೆಳಗಾ? ಎಂಥಾ ಆಫೀಸಪ್ಪಾ ನಿಮ್ಮದು!"

ಏಳನೆಯ ದಿನ ಅಡುಗೆಮನೆಯ ಮೂಲೆಯಲ್ಲಿ ಏಳು ಕರಿ ಉಂಡೆಗಳು ಸಿಕ್ಕವು. ಗುಮಾಸ್ತರಿಗೆ ಹೋದ ಜೀವ ಬಂದಂತಾಯಿತು. ಕಾಗದದ ಮೇಲೆ ಮೆಲ್ಲಗೆ ಎತ್ತಿ ತಂದು ಪಾಚಿಯ ಮೇಲಿಟ್ಟರು. "ಏಳು ಹಾಜರ್!" ಎಂದು ಬರೆದರು. ಆದರೆ ಉಂಡೆಗಳು ಬಿಚ್ಚಿಕೊಳ್ಳಲೇ ಇಲ್ಲ. ನೀರು ಚಿಮುಕಿಸಿದರು, ಊದಿದರು. "ಹೆದರ್ಬೇಡ್ರಪ್ಪಾ, ಯಾರಿಗೂ ನೋಟಿಸು ಕೊಡಲ್ಲ," ಎಂದು ಅಭಯವನ್ನೂ ಕೊಟ್ಟರು. ಊಹೂಂ!

ಹತ್ತನೆಯ ದಿನ, ಹೆಂಡತಿ ಬರುವ ದಿನ, ಗುಂಡಮ್ಮ ಒಂದು ಉಂಡೆಯನ್ನು ಲಬಕ್ಕನೆ ಬಾಯಿಗೆ ಹಾಕಿಕೊಂಡಳು. ಮರುಗಳಿಗೆ ಉಗುಳಿದಳು! ಮುಂಗಾಲುಗಳಿಂದ ಬಾಯಿ ಉಜ್ಜಿ ಉಜ್ಜಿ, ನೀರಿಗೆ ಬಿದ್ದು, ಗೋಡೆಗೆ ಮುಖ ಮಾಡಿ ಕೂತಳು.

"ಅತ್ತೇ! ಗುಂಡಮ್ಮ ನಮ್ಮನ್ನ ಬಿಟ್ಟು ಹೋಗ್ತಿದ್ದಾಳೆ!" ಗುಮಾಸ್ತರ ಕಣ್ಣಲ್ಲಿ ನೀರೇ ಬಂದುಬಿಟ್ಟಿತು.

ಅತ್ತೆ ಕನ್ನಡಕ ಹಾಕಿಕೊಂಡು ಬಗ್ಗಿದರು. "ಅಲ್ಲ ಅಳಿಯಂದ್ರೇ, ಕಪ್ಪೆಗೆ ಕಾಳುಮೆಣಸು ಯಾಕೆ ಹಾಕಿದ್ದೀರಿ? ಅದಕ್ಕೇನು ಶೀತ ಆಗಿದ್ಯಾ? ಮೂರು ದಿನದ ಹಿಂದೆ ಅಡುಗೆಮನೇಲಿ ನನ್ನ ಕೈಯಿಂದ ಮೆಣಸಿನ ಡಬ್ಬಿ ಬಿದ್ದಿತ್ತು. ಗುಡಿಸೋಕೆ ಹೋದ್ರೆ ಮೂಲೇಲಿ ಒಂದು ಕಾಳೂ ಇರಲಿಲ್ಲ!"

ಅಷ್ಟರಲ್ಲಿ ಬಾಗಿಲಲ್ಲಿ ಹೆಂಡತಿ. ಬ್ಯಾಗನ್ನೂ ಇಳಿಸದೆ ಸೀದಾ ಪೆಟ್ಟಿಗೆಯತ್ತ ಬಂದಳು. ಗುಂಡಮ್ಮ ಟಣ್ಣನೆ ಹಾರಿ ಗಾಜಿಗೆ ಅಂಟಿಕೊಂಡಳು. ಮೆಣಸಿನ ಖಾರ ಇಳಿದಿತ್ತು, ಜೀವಕ್ಕೇನೂ ಆಗಿರಲಿಲ್ಲ. ಗುಮಾಸ್ತರು ತಲೆ ತಗ್ಗಿಸಿ ಇದ್ದದ್ದನ್ನೆಲ್ಲ ಒಪ್ಪಿಕೊಂಡರು.

ಹೆಂಡತಿ ಪೆಟ್ಟಿಗೆಯೊಳಗಿನ ಮರದ ತೊಗಟೆ ಎತ್ತಿದಳು. ಅದರಡಿ ಇಪ್ಪತ್ತೂ ಇದ್ದವು, ಜೊತೆಗೆ ಎಳ್ಳಿನಷ್ಟು ಬಿಳಿ ಮರಿಗಳು! ಮಣ್ಣಿನ ಮೇಲೆ ಒಂದು ಚೂರೂ ಹೊಲಸಿರಲಿಲ್ಲ.

"ಮುಖಕ್ಕೆ ಟಾರ್ಚು ಬಿಟ್ರೆ ಯಾರು ತಾನೇ ಹೊರಗೆ ಬರ್ತಾರೆ ರೀ? ಪಾಪ, ಒಳಗೇ ಕೂತು ಕೆಲಸ ಮಾಡಿವೆ," ಎಂದಳು ಹೆಂಡತಿ. ನೋಟ್‌ಬುಕ್ಕನ್ನು ಮೊದಲಿಂದ ಕೊನೆಯವರೆಗೆ ಓದಿ ಮುಚ್ಚಿದಳು. "ಮುಂದಿನ ಸಲ ನಾನು ಹೋಗುವಾಗ ಗುಂಡಮ್ಮನ್ನ ಈ ಇಪ್ಪತ್ತು ಜನಕ್ಕೇ ಒಪ್ಪಿಸಿ ಹೋಗ್ತೀನಿ. ನಿಮ್ಮನ್ನ ಗುಂಡಮ್ಮನಿಗೆ!"