ಯಜಮಾನರ ಹೊಲಿಗೆ ಕ್ಲಾಸು

ಕೆಲವರ ಜಾತಕದಲ್ಲಿ ಶನಿಕಾಟವಿರುತ್ತದೆ. ನನ್ನ ಜಾತಕದಲ್ಲಿದ್ದದ್ದು ಏಪ್ರಿಲ್ ಕಾಟ. ಮೇಲೂರಿನ ಒಂದು ಖಾಸಗಿ ಶಾಲೆಯಲ್ಲಿ ನಾನು ಹೊಲಿಗೆ ಟೀಚರ್, ಅದೂ ತಾತ್ಕಾಲಿಕ. ಮಕ್ಕಳ ಪರೀಕ್ಷೆಯ ಜೊತೆಗೇ ನನ್ನ ಕೆಲಸವೂ ಮುಗಿಯುತ್ತಿತ್ತು. ಜೂನ್‌ನಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಬೇಸಿಗೆಯೆಲ್ಲ ಕಾಯಬೇಕು. ನನ್ನಷ್ಟೇ ತಾತ್ಕಾಲಿಕವಾಗಿದ್ದ ಡ್ರಿಲ್ ಮಾಸ್ತರರಿಗೆ ಮಾತ್ರ ಈ ಕಾಟವಿರಲಿಲ್ಲ, ಏಕೆಂದರೆ ಅವರು ಸಂಸಾರಸ್ಥರು. ಗಂಡ, ಮಕ್ಕಳು, ಅತ್ತೆ ನನಗೂ ಇದ್ದರು, ಆದರೆ ಅದೇಕೋ ಸಂಸಾರವೆನಿಸುತ್ತಿರಲಿಲ್ಲ. ಶಾಲೆಯ ಕಾರ್ಯದರ್ಶಿಗಳನ್ನು ಕೇಳಿದಾಗಲೆಲ್ಲ ಅದೇ ಮಾತು: "ನಿಮಗೇನಮ್ಮ ಯೋಚ್ನೆ? ಯಜಮಾನ್ರು ದುಡೀತಾರೆ, ಹಾಯಾಗಿರಿ."

ಯಜಮಾನರು ದುಡಿಯುತ್ತಿದ್ದುದು ಶಿಡ್ಲಘಟ್ಟದಲ್ಲಿ, ರೇಷ್ಮೆ ನೂಲಿಗೆ ಹುರಿ ಹಾಕುವ ಕಾರ್ಖಾನೆಯಲ್ಲಿ. ಚೀನಾ ರೇಷ್ಮೆ ಬಂದಿದ್ದೇ ಬಂದಿದ್ದು, ಕಾರ್ಖಾನೆಗೆ ಬೀಗ ಬಿತ್ತು. ಬೀದಿಯವರಿಗೆ ಗೊತ್ತಾಗಕೂಡದೆಂದು ಅತ್ತೆಯ ಕಟ್ಟಪ್ಪಣೆ. ಹಾಗಾಗಿ ಇವರು ಇಸ್ತ್ರಿ ಷರಟು ತೊಟ್ಟು, ಊಟದ ಕ್ಯಾರಿಯರ್ ಹಿಡಿದು, ದಿನಾ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿ ಮರದ ಕೆಳಗೆ ಕೂತು, ಉಂಡು, ಸಂಜೆ ಸುಸ್ತಾಗಿ ಬರುತ್ತಿದ್ದರು. ನನ್ನ ಕೆಲಸವೂ ಹೋದರೆ ಆ ಕ್ಯಾರಿಯರಿಗೆ ಏನು ತುಂಬಿಸುವುದೆಂದು ನನಗೆ ನಿಜಕ್ಕೂ ಭಯವಾಯಿತು. ಮಾನ ಮರ್ಯಾದೆ ಬದಿಗಿಟ್ಟು ಕಾರ್ಯದರ್ಶಿಗಳಿಗೆ ಎಲ್ಲ ಹೇಳಿಬಿಟ್ಟೆ. ಅವರ ಕಣ್ಣು ತೇವವಾಯಿತು.

"ಗಂಡ್ಸು ಮನೇಲಿ ಕೂತ್ರೆ ಹೆಂಗಮ್ಮ? ನಿಮ್ಮ ಜಾಗಕ್ಕೆ ಅವ್ರನ್ನೇ ಕಳಿಸಿ. ವರ್ಷ ಪೂರ್ತಿ ಸಂಬಳ ಕೊಡ್ತೀವಿ."

ಅವರಿಗೆ ಹೊಲಿಗೆ ಬರುವುದಿಲ್ಲವೆಂದೆ. ರೇಷ್ಮೆ ನೂಲಲ್ಲೇ ಬೆಳೆದವರಿಗೆ ಸೂಜಿಗೆ ದಾರ ಪೋಣಿಸುವುದೇನು ಮಹಾ ಎಂದರು.

ಜೂನ್‌ನಲ್ಲಿ ಅತ್ತೆ ದೃಷ್ಟಿ ತೆಗೆದು ಮಗನನ್ನು ಶಾಲೆಗೆ ಕಳಿಸಿದರು. ಮೊದಲ ದಿನ ಇವರು ನೂಲಿನ ಹುರಿಯ ಬಗ್ಗೆ ಭಾಷಣ ಮಾಡಿ ಪಾರಾದರು. ಮರುದಿನ ಹುಡುಗಿಯರು ಗುಂಡಿ ಹಾಕುವುದನ್ನು ತೋರಿಸಿ ಎಂದರು. ಇವರು ಬಗ್ಗಿ ತನ್ಮಯರಾಗಿ ಹೊಲಿಯುತ್ತಿರುವಾಗ ಕಾರ್ಯದರ್ಶಿಗಳು ಬಂದರಂತೆ. ನಮಸ್ಕಾರಕ್ಕೆಂದು ಇವರು ಎದ್ದರೆ ಮೇಜಿನ ಬಟ್ಟೆ, ಅದರ ಮೇಲಿದ್ದ ಕತ್ತರಿ, ಟೇಪು ಎಲ್ಲ ಷರಟಿನ ಹಿಂದೆಯೇ ಎದ್ದು ಬಂದವು. ಹುಡುಗಿಯರು ನಗು ತಡೆದುಕೊಂಡು ಇವರನ್ನು ಕತ್ತರಿಸಿ ಬಿಡಿಸಿದರು. ಆಗ ಇವರು ಹೇಳಿದ ಮಾತಿಗೆ ನಾನು ಇವತ್ತಿಗೂ ಸೋಲುತ್ತೇನೆ.

"ಸ್ವಾಮಿ, ನಾನು ಹುರಿ ಹಾಕೋನು. ಹೊಲಿಯೋಳು ನನ್ನ ಹೆಂಡ್ತಿ. ವರ್ಷ ಪೂರ್ತಿ ಅಂದ್ರಲ್ಲ, ಅದನ್ನ ಅವಳಿಗೇ ಕೊಡಿ."

ಕೊಟ್ಟರು. ಈಗ ಕ್ಯಾರಿಯರ್ ನನ್ನ ಕೈಗೆ ಬಂದಿದೆ, ಅದನ್ನು ತುಂಬಿಸುವುದು ಇವರು. ಇವರ ಮುದ್ದೆಯಲ್ಲಿ ಒಂದು ಗಂಟೂ ಸಿಗುವುದಿಲ್ಲ. ಮಗ ರಜೆಯ ಮೇಲಿದ್ದಾನೆಂದು ಅತ್ತೆ ಬೀದಿಯವರಿಗೆ ಹೇಳುತ್ತಾರೆ. ಮೊನ್ನೆ ಏಪ್ರಿಲ್‌ನಲ್ಲಿ, ಸಂಬಳ ಸಹಿತ ರಜೆಯಲ್ಲಿ ನಾನು ಕಾಲು ಚಾಚಿ ವಾರಪತ್ರಿಕೆ ಓದುತ್ತಿದ್ದಾಗ, ಇವರು ಕೈಯೊರೆಸಿಕೊಳ್ಳುತ್ತ ಬಂದು, ತಮಗೂ ಅಡುಗೆಯಿಂದ ಒಂದು ದಿನ ಬಿಡುವು ಬೇಕೆಂದರು. ನಾನು ಪತ್ರಿಕೆಯಿಂದ ತಲೆಯೆತ್ತಲಿಲ್ಲ.

"ನಿಮಗೇನ್ರೀ ಯೋಚ್ನೆ? ಹೆಂಡ್ತಿ ದುಡೀತಾಳೆ, ಹಾಯಾಗಿರಿ."

ಇವರು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಕಾಫಿ ಬಂತು, ಸಕ್ಕರೆ ಮಾತ್ರ ಬಂದಿರಲಿಲ್ಲ. ಕಾರ್ಯದರ್ಶಿಗಳನ್ನು ನೆನೆದುಕೊಂಡು ತೆಪ್ಪಗೆ ಕುಡಿದೆ.